ಬೆಳಿಗ್ಗೆ ಓಡಲ್ಲ, ಮಧ್ಯಾಹ್ನ ಓಡುತ್ತೆ: ಮಾಡೆಲ್ ರೈಲಿನ ಎಂಜಿನ್ ನಿಂತರೆ ಎಲ್ಲಿಂದ ಹುಡುಕೋದು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲೆಂದು ಕೆಲವು ಕಡೆ ಮಾತನ್ನು ಚಿಕ್ಕದು ಮಾಡಲಾಗಿದೆ.)

ಈ ವಾರ ಮಾತಾಡ್ತಿರೋದು ಗೇಣುದ್ದದ ಒಂದು ರೈಲು ಎಂಜಿನ್ ಬಗ್ಗೆ. ಆಟಿಕೆ ಅಂತ ಅನ್ನಬೇಡಿ, ನಮ್ಮ ಮಾವನಿಗೆ ಕೋಪ ಬರುತ್ತೆ. ಮಾಡೆಲ್ ಅನ್ನಬೇಕು.

ಸಕಲೇಶಪುರದಲ್ಲಿ ನನ್ನ ಸೋದರಮಾವ ಇದ್ದಾರೆ. ವಯಸ್ಸು 71. ಅತ್ತೆ ತೀರಿಕೊಂಡು ನಾಲ್ಕು ವರ್ಷ ಆಯ್ತು. ಮಗ ಅಮೆರಿಕದಲ್ಲಿ. ಒಂದು ಸಲ ಊರಿಗೆ ಬಂದಾಗ ಅವನು ಒಂದು ಡೀಸೆಲ್ ಎಂಜಿನ್ ಮಾಡೆಲ್ಲು, ನಾಲ್ಕು ಬೋಗಿ, ಒಂದಿಷ್ಟು ಹಳಿ ತಂದುಕೊಟ್ಟ. ಮಾವ ಅಡುಗೆಮನೆ ಪಕ್ಕದ ಕೋಣೆಯಲ್ಲಿ ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಪ್ಲೈವುಡ್ ಹಾಕಿಸಿ, ಹಳಿ ಕೂರಿಸಿ, ಒಂದು ಗುಡ್ಡ, ಒಂದು ಸುರಂಗ ಎಲ್ಲ ಮಾಡಿಕೊಂಡರು. ಸುಬ್ರಹ್ಮಣ್ಯ ಘಾಟಿಯಲ್ಲಿ 57 ಸುರಂಗ ಇದೆ, ನನ್ನ ಹತ್ರ ಒಂದೇ ಇರೋದು ಅಂತ ನಗ್ತಿದ್ದರು. ದಿನಾ ಬೆಳಿಗ್ಗೆ ಆರೂವರೆಗೆ ಕಾಫಿ ಲೋಟ ಹಿಡಿದು ಆ ಕೋಣೆಗೆ ಹೋದರೆ ಅರ್ಧ ಗಂಟೆ ರೈಲು ಓಡಿಸಿ ಬರೋದು.

ಕಳೆದ ಡಿಸೆಂಬರ್‌ನಲ್ಲಿ ಫೋನ್ ಬಂತು. "ಪುಟ್ಟಿ, ರೈಲು ನಿಂತೋಯ್ತು ಕಣೆ. ಮೋಟಾರ್ ಹೋಗಿದೆ ಅನ್ಸುತ್ತೆ." ಮುಂದಿನ ಶನಿವಾರ ನಾನು ಹೋದೆ. ಹೌದು, ಬೆಳಿಗ್ಗೆ ಆರೂವರೆಗೆ ರೆಗ್ಯುಲೇಟರ್ ತಿರುಗಿಸಿದರೆ ಎಂಜಿನ್ ಗುಂಯ್ ಅನ್ನುತ್ತೆ, ಜಾಗ ಬಿಟ್ಟು ಕದಲಲ್ಲ. ಎಂಜಿನ್ನನ್ನ ಬಟ್ಟೇಲಿ ಸುತ್ತಿ ಬೆಂಗಳೂರಿಗೆ ತಂದೆ. ಇಂಥವುಗಳನ್ನ ರಿಪೇರಿ ಮಾಡೋ ಅಂಗಡಿಯೊಂದಕ್ಕೆ ಮಧ್ಯಾಹ್ನ ಮೂರು ಗಂಟೆಗೆ ಹೋದೆ. ಅವರು ಹಳಿ ಮೇಲೆ ಇಟ್ಟರು. ಓಡ್ತು! "ಸರಿ ಇದೆಯಲ್ಲಾ ಮೇಡಂ" ಅಂದರು. ನಾನು ಖುಷಿಯಾಗಿ ಅದರ ಮುಂದಿನ ವಾರ ವಾಪಸ್ ತಗೊಂಡು ಹೋದೆ. ಬೆಳಿಗ್ಗೆ ಮಾವ ಕಾಫಿ ಹಿಡಿದು ಬಂದು ನಿಂತರು. ಎಂಜಿನ್ ಮತ್ತೆ ಗುಂಯ್ ಅಂತು, ಅಷ್ಟೇ.

ಬೆಂಗಳೂರಲ್ಲಿ ಓಡುತ್ತೆ, ಸಕಲೇಶಪುರದಲ್ಲಿ ಓಡಲ್ಲ. ಇದಕ್ಕೆ ಕಾರಣ ಹುಡುಕಿದ ಕಥೆಯನ್ನೇ ಇವತ್ತು ಹೇಳ್ತೀನಿ. ಜೊತೆಗೆ ನಿಮ್ಮ ಮನೆಯಲ್ಲೂ ಇಂಥ ಎಂಜಿನ್ ಇದ್ದು ನಿಂತುಹೋಗಿದ್ದರೆ ಯಾವ ಕ್ರಮದಲ್ಲಿ ನೋಡಬೇಕು ಅನ್ನೋದನ್ನೂ ಹೇಳ್ತೀನಿ. ನಾನು ಬಿ.ಕಾಂ. ಓದಿದವಳು, ವಿಜ್ಞಾನದ ಪುಸ್ತಕ ಎಸ್ಸೆಸ್ಸೆಲ್ಸಿಗೇ ಕೊನೆ. ನನಗೆ ಅರ್ಥ ಆಗಿದೆ ಅಂದ್ರೆ ನಿಮಗೂ ಆಗುತ್ತೆ.

ಮೊದಲು, ಇದು ಓಡೋದು ಹೇಗೆ?

ಮಾವನ ಎಂಜಿನ್ ಎಚ್ಒ ಅಳತೆಯದ್ದು. ಅಂದ್ರೆ ನಿಜವಾದ ಎಂಜಿನ್ನಿನ 87ರಲ್ಲಿ ಒಂದು ಭಾಗ. ಎರಡು ಹಳಿಗಳ ನಡುವೆ ಅಂತರ 16.5 ಮಿಲಿಮೀಟರ್. ಅದನ್ನ 87ರಿಂದ ಗುಣಿಸಿ ನೋಡಿ, ಹೆಚ್ಚುಕಡಿಮೆ 1435 ಮಿಲಿಮೀಟರ್ ಬರುತ್ತೆ. ಅದು ಅಮೆರಿಕ, ಯುರೋಪಿನ ಸ್ಟ್ಯಾಂಡರ್ಡ್ ಗೇಜ್. ನಮ್ಮ ಬ್ರಾಡ್ ಗೇಜ್ 1676 ಮಿಲಿಮೀಟರ್.

ಈ ಎಂಜಿನ್ ಒಳಗೆ ಬ್ಯಾಟರಿ ಇಲ್ಲ. ಕರೆಂಟು ಬರೋದು ಹಳಿಯಿಂದ. ಗೋಡೆಯ ಪ್ಲಗ್ಗಿನಿಂದ ಪವರ್ ಪ್ಯಾಕಿಗೆ ಬಂದ ಕರೆಂಟು ಅಲ್ಲಿ 12 ವೋಲ್ಟ್ ಡಿಸಿಗೆ ಇಳಿಯುತ್ತೆ. ಒಂದು ತಂತಿ ಎಡ ಹಳಿಗೆ, ಇನ್ನೊಂದು ಬಲ ಹಳಿಗೆ. ಒಂದು ಹಳಿಯಿಂದ ಚಕ್ರಕ್ಕೆ ಬಂದ ಕರೆಂಟು, ಚಕ್ರಕ್ಕೆ ತಾಗಿಕೊಂಡಿರೋ ತೆಳ್ಳನೆ ಲೋಹದ ಪಟ್ಟಿ ಹತ್ತಿ, ತಂತಿ ಮೂಲಕ ಮೋಟಾರಿಗೆ ಹೋಗುತ್ತೆ. ಮೋಟಾರಿನಿಂದ ಅದೇ ಥರ ಆ ಕಡೆಯ ಪಟ್ಟಿ, ಆ ಕಡೆಯ ಚಕ್ರ, ಆ ಕಡೆಯ ಹಳಿ ಹಿಡಿದು ವಾಪಸ್ ಪವರ್ ಪ್ಯಾಕಿಗೆ ಬರುತ್ತೆ. ಆ ಲೋಹದ ಪಟ್ಟಿಗೆ ಪಿಕಪ್ ಅಂತಾರೆ. ಮೋಟಾರ್ ತಿರುಗಿದರೆ ಶಾಫ್ಟ್ ತಿರುಗುತ್ತೆ, ಶಾಫ್ಟ್ ಗೇರನ್ನ, ಗೇರು ಚಕ್ರವನ್ನ ತಿರುಗಿಸುತ್ತೆ.

ಇಷ್ಟು ದಾರಿಯಲ್ಲಿ ಎಲ್ಲಿ ಕಡಿದರೂ ರೈಲು ನಿಲ್ಲುತ್ತೆ. ಮೋಟಾರ್ ಅನ್ನೋದು ಆ ದಾರಿಯಲ್ಲಿ ಒಂದು ನಿಲ್ದಾಣ ಮಾತ್ರ. ಆದರೆ ರೈಲು ನಿಂತ ತಕ್ಷಣ ಎಲ್ಲರೂ ಬೈಯೋದು ಮೋಟಾರಿಗೇ. ನಾನೂ ಬೈದೆ. ಆನ್‌ಲೈನ್‌ನಲ್ಲಿ ಹೊಸ ಮೋಟಾರ್ ಹುಡುಕಿ, ಹೊರದೇಶದಿಂದ ತರಿಸೋ ಖರ್ಚು, ಕಸ್ಟಮ್ಸ್ ಸುಂಕ ಎಲ್ಲ ಲೆಕ್ಕ ಹಾಕಿ, ದುಡ್ಡು ಕಟ್ಟೋ ಪುಟದವರೆಗೆ ಹೋಗಿದ್ದೆ.

ನಾವು ಕಾಲೇಜಲ್ಲಿ ಬ್ಯಾಂಕ್ ರಿಕನ್ಸಿಲಿಯೇಷನ್ ಅಂತ ಮಾಡ್ತಿದ್ವಿ. ಕ್ಯಾಶ್‌ಬುಕ್ಕು, ಪಾಸ್‌ಬುಕ್ಕು ತಾಳೆ ಆಗದಿದ್ದರೆ ಇಡೀ ಲೆಕ್ಕ ಹರಿದು ಹಾಕಿ ಹೊಸದಾಗಿ ಬರೆಯಲ್ಲ. ಎಲ್ಲಿಯವರೆಗೆ ಸರಿ ಇದೆ ಅಂತ ಟಿಕ್ ಹಾಕ್ತಾ ಬರ್ತೀವಿ. ಟಿಕ್ ಎಲ್ಲಿ ನಿಲ್ಲುತ್ತೋ ತಪ್ಪು ಅಲ್ಲಿದೆ. ಇಲ್ಲೂ ಅದೇ ಕೆಲಸ. ಕರೆಂಟು ಎಲ್ಲಿವರೆಗೆ ಬಂದಿದೆ ಅಂತ ಟಿಕ್ ಹಾಕ್ತಾ ಹೋಗೋದು. ಬೇಕಾಗಿದ್ದು ಅಗ್ಗದ ಒಂದು ಮಲ್ಟಿಮೀಟರ್ ಮತ್ತು ಚೌಕಾಕಾರದ 9 ವೋಲ್ಟ್ ಬ್ಯಾಟರಿ. ಎರಡೂ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುತ್ತೆ.

ಮೊದಲ ಟಿಕ್: ಪವರ್ ಪ್ಯಾಕ್

ನನ್ನ ಮೊದಲ ಅನುಮಾನ ವೋಲ್ಟೇಜ್ ಮೇಲೆ. ಮಲೆನಾಡಿನವರಿಗೆ ಗೊತ್ತು, ಹೊತ್ತಿಗೊಂದು ವೋಲ್ಟೇಜ್ ಇರುತ್ತೆ, ಬಲ್ಬು ಹಣತೆ ಥರ ಉರಿಯುತ್ತೆ. ಬೆಳಿಗ್ಗೆ ಎಲ್ಲರ ಮನೆಯಲ್ಲೂ ಗೀಸರ್ ಹಾಕಿರ್ತಾರೆ, ಅದಕ್ಕೇ ಬೆಳಿಗ್ಗೆ ಓಡ್ತಿಲ್ಲ ಅಂತ ಮಾವನಿಗೆ ದೊಡ್ಡದಾಗಿ ವಿವರಿಸಿದೆ. ಮಾವ ತಲೆ ಆಡಿಸಿದರು.

ಮಲ್ಟಿಮೀಟರನ್ನ ಡಿಸಿ 20 ವೋಲ್ಟಿಗೆ ತಿರುಗಿಸಿ, ಪವರ್ ಪ್ಯಾಕಿನಿಂದ ಹೊರಡುವ ಎರಡು ತಿರುಪುಗಳಿಗೆ ಎರಡು ಕಡ್ಡಿ ಮುಟ್ಟಿಸಿದೆ. ರೆಗ್ಯುಲೇಟರ್ ಪೂರ್ತಿ ತಿರುಗಿಸಿದಾಗ 12ರ ಹತ್ತಿರ ತೋರಿಸ್ತು. ಬೆಳಿಗ್ಗೆ ಆರೂವರೆಗೇ. ನನ್ನ ಗೀಸರ್ ಸಿದ್ಧಾಂತ ಅಲ್ಲಿಗೆ ಮುಗೀತು.

ಇಲ್ಲೊಂದು ಎಚ್ಚರಿಕೆ. ಅಮೆರಿಕದಿಂದ ಬಂದ ಸೆಟ್ಟಿನ ಪವರ್ ಪ್ಯಾಕ್ ಸಾಮಾನ್ಯವಾಗಿ 120 ವೋಲ್ಟಿನದ್ದು. ನಮ್ಮಲ್ಲಿ ಬರೋದು 230. ಪಿನ್ ಬದಲಾಯಿಸೋ ಅಡಾಪ್ಟರ್ ಹಾಕಿ ನೇರವಾಗಿ ಚುಚ್ಚಿದರೆ ಅದು ಸುಟ್ಟುಹೋಗುತ್ತೆ. ಪಿನ್ ಅಡಾಪ್ಟರ್ ಬರೀ ಪಿನ್ನಿನ ಆಕಾರ ಬದಲಾಯಿಸುತ್ತೆ, ವೋಲ್ಟೇಜ್ ಇಳಿಸಲ್ಲ. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಇಲ್ಲಾ ನಮ್ಮ ವೋಲ್ಟೇಜಿನ ಪವರ್ ಪ್ಯಾಕ್ ತಗೋಬೇಕು. ಪ್ಯಾಕಿನ ಹಿಂದೆ ಬರೆದಿರೋದನ್ನ ಓದಿ, ಆಮೇಲೆ ಪ್ಲಗ್ ಹಾಕಿ. ಮತ್ತೆ, ಪವರ್ ಪ್ಯಾಕಿನ ಒಳಗೆ ಬರೋದು ಮನೆಯ ಪೂರ್ತಿ ಕರೆಂಟು. ಅದನ್ನ ಮಾತ್ರ ಯಾವ ಕಾರಣಕ್ಕೂ ಬಿಚ್ಚಬೇಡಿ.

ಪ್ಯಾಕ್ ಹಾಕಿದ ಕೂಡಲೇ ಅದರ ಓವರ್‌ಲೋಡ್ ದೀಪ ಹತ್ತಿದರೆ ಅಥವಾ ತಾನಾಗೇ ಆಫ್ ಆದರೆ ಎಲ್ಲೋ ಎರಡು ಹಳಿ ಶಾರ್ಟ್ ಆಗಿದೆ ಅಂತ ಅರ್ಥ. ಹಳಿ ತಪ್ಪಿದ ಚಕ್ರ, ಬಿದ್ದಿರೋ ತಿರುಪು, ಹೇರ್‌ಪಿನ್ ಇದೆಯಾ ನೋಡಿ.

ಎರಡನೇ ಟಿಕ್: ಹಳಿ

ಈಗ ಮಲ್ಟಿಮೀಟರ್ ಕಡ್ಡಿಗಳನ್ನ ಎರಡು ಹಳಿಗಳ ಮೇಲೆ ಇಡಿ. ಒಂದೇ ಕಡೆ ಅಲ್ಲ, ಸುತ್ತಲೂ ಐದಾರು ಕಡೆ. ಹಳಿಯ ತುಂಡುಗಳನ್ನ ಜೋಡಿಸೋಕೆ ಚಿಕ್ಕ ತಗಡಿನ ಜಾಯಿನರ್ ಇರುತ್ತೆ. ಅದು ಸಡಿಲ ಆದರೆ ಅಲ್ಲಿಂದ ಮುಂದಕ್ಕೆ ಕರೆಂಟು ಹೋಗಲ್ಲ.

ಇದರಲ್ಲಿ ನಾನು ಮೋಸ ಹೋದ ಒಂದು ವಿಷಯ ಇದೆ. ಹಳಿ ಖಾಲಿ ಇದ್ದಾಗ ಎಲ್ಲ ಕಡೆ 12 ವೋಲ್ಟ್ ತೋರಿಸಬಹುದು. ಎಂಜಿನ್ ಇಟ್ಟು ಓಡಿಸೋಕೆ ಹೋದಾಗ ಅದೇ ಜಾಗದಲ್ಲಿ ಸರ್ರನೆ ಮೂರೋ ನಾಲ್ಕೋ ವೋಲ್ಟಿಗೆ ಇಳಿಯಬಹುದು. ಯಾಕಂದ್ರೆ ಮೀಟರಿಗೆ ಬೇಕಾಗೋದು ತೀರಾ ಕಡಿಮೆ ಕರೆಂಟು, ಕೊಳೆ ತುಂಬಿದ ಜಾಯಿನರಿನಲ್ಲೂ ಅಷ್ಟು ನುಸುಳುತ್ತೆ. ಮೋಟಾರಿಗೆ ಬೇಕಾದಷ್ಟು ನುಸುಳಲ್ಲ. ಅದಕ್ಕೇ ಎಂಜಿನ್ ಹಳಿ ಮೇಲೆ ಇದ್ದು ಓಡೋ ಪ್ರಯತ್ನದಲ್ಲಿ ಇರುವಾಗಲೇ, ಅದರ ಪಕ್ಕದಲ್ಲೇ ಅಳೆಯಬೇಕು. ನಾನು ಮೊದಲ ಸಲ ಖಾಲಿ ಹಳಿ ಅಳೆದು ಟಿಕ್ ಹಾಕಿದ್ದೆ. ಎರಡನೇ ಸಲ ಎಂಜಿನ್ ಇಟ್ಟು ಅಳೆದೆ. ಆಗಲೂ ವೋಲ್ಟೇಜ್ ಸರಿಯಾಗೇ ಇತ್ತು.

ಇಷ್ಟಾದರೂ ಹಳಿ ಒರೆಸಿಬಿಡೋದು ಒಳ್ಳೇದು. ಯಾಕಂದ್ರೆ ಮಾಡೆಲ್ ರೈಲು ತಡೆದು ತಡೆದು ನಿಲ್ಲೋದಕ್ಕೆ ಅತಿ ಸಾಮಾನ್ಯ ಕಾರಣ ಕೊಳೆ. ಮಾವನ ಕೋಣೆ ಅಡುಗೆಮನೆ ಪಕ್ಕ ಅಂದೆನಲ್ಲ, ದಿನಾ ಎರಡು ಹೊತ್ತು ಒಗ್ಗರಣೆ ಹೊಗೆ ಬಂದು ಹಳಿ ಮೇಲೆ ಕೂರುತ್ತೆ. ದೇವರ ಮನೆಯ ಊದುಬತ್ತಿ ಹೊಗೆ ಇನ್ನೊಂದು. ಅದರ ಮೇಲೆ ಧೂಳು. ಬಿಳಿ ಬಟ್ಟೆಯಲ್ಲಿ ಒಂದು ಸಲ ಒರೆಸಿದರೆ ಬಟ್ಟೆ ಕಾಡಿಗೆ ಬಣ್ಣಕ್ಕೆ ತಿರುಗ್ತು.

ಒರೆಸೋಕೆ ಐಸೊಪ್ರೊಪೈಲ್ ಆಲ್ಕೋಹಾಲ್ ಬಳಸಿ. ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಐಪಿಎ ಅಂತ ಕೇಳಿದರೆ ಕೊಡ್ತಾರೆ. ಬೇಗ ಬೆಂಕಿ ಹತ್ತುವ ವಸ್ತು, ಆದ್ದರಿಂದ ಕಿಟಕಿ ತೆಗೆದಿಟ್ಟು, ಪವರ್ ಆಫ್ ಮಾಡಿ ಒರೆಸಬೇಕು. ಉಪ್ಪು ಕಾಗದ, ಅದೇ ಸ್ಯಾಂಡ್‌ಪೇಪರ್, ಮಾತ್ರ ಬೇಡ. ನಾನು ಒಂದು ಅಡಿಯಷ್ಟು ಉಜ್ಜಿಬಿಟ್ಟೆ, ಪಳಪಳ ಅಂತ ಹೊಳೀತು. ಆಮೇಲೆ ಗೊತ್ತಾಯ್ತು, ಅದು ಹಳಿ ತುಂಬಾ ಸಣ್ಣ ಗೀರು ಮಾಡುತ್ತೆ, ಆ ಗೀರಿನಲ್ಲಿ ಕೊಳೆ ಇನ್ನೂ ಬೇಗ ಸೇರಿಕೊಳ್ಳುತ್ತೆ. ಆ ಒಂದು ಅಡಿಯನ್ನ ಮಾವ ಈಗಲೂ ತೋರಿಸಿ ನಗ್ತಾರೆ.

ಮೂರನೇ ಟಿಕ್: ಹಳಿಯೋ, ಎಂಜಿನ್ನೋ?

ಒಂದೇ ಒಂದು ಪರೀಕ್ಷೆ ನೆನಪಿಟ್ಟುಕೊಳ್ಳಿ ಅಂದ್ರೆ ಇದನ್ನ ಇಟ್ಟುಕೊಳ್ಳಿ. ಎಂಜಿನ್ನನ್ನ ಹಳಿಯಿಂದ ಎತ್ತಿ, ಮೆತ್ತನೆ ಬಟ್ಟೆ ಮೇಲೆ ಬೆನ್ನಡಿಯಾಗಿ ಮಲಗಿಸಿ. 9 ವೋಲ್ಟ್ ಬ್ಯಾಟರಿಗೆ ಎರಡು ತಂತಿ ಸಿಕ್ಕಿಸಿ, ಒಂದನ್ನ ಎಡಗಡೆ ಚಕ್ರಕ್ಕೆ, ಇನ್ನೊಂದನ್ನ ಬಲಗಡೆ ಚಕ್ರಕ್ಕೆ ಮುಟ್ಟಿಸಿ. ಚಕ್ರ ತಿರುಗಿದರೆ ಎಂಜಿನ್ ಚೆನ್ನಾಗಿದೆ, ತೊಂದರೆ ಹಳಿಯಲ್ಲೋ ಪವರ್ ಪ್ಯಾಕಿನಲ್ಲೋ ಇದೆ. ತಿರುಗದಿದ್ದರೆ ಎಂಜಿನ್ನಿನ ಒಳಗೆ ಇದೆ. ಅರ್ಧ ನಿಮಿಷದಲ್ಲಿ ಹುಡುಕೋ ಜಾಗ ಅರ್ಧ ಕಡಿಮೆ ಆಗುತ್ತೆ.

ಇದು ಸಾಮಾನ್ಯ ಡಿಸಿ ಎಂಜಿನ್ನಿಗೆ ಮಾತ್ರ. ನಿಮ್ಮದು ಡಿಸಿಸಿ, ಅಂದ್ರೆ ಡಿಜಿಟಲ್ ಎಂಜಿನ್ ಆದರೆ ಒಳಗೆ ಡೀಕೋಡರ್ ಅನ್ನೋ ಚಿಕ್ಕ ಬೋರ್ಡ್ ಇರುತ್ತೆ. ಅದಕ್ಕೆ ಬ್ಯಾಟರಿ ಮುಟ್ಟಿಸೋದು ಬೇಡ. ಡಿಜಿಟಲ್‌ನಲ್ಲಿ ಪ್ರತಿ ಎಂಜಿನ್ನಿಗೆ ಒಂದು ನಂಬರ್ ಇರುತ್ತೆ. ಹೊಸದಾಗಿ ಬಂದಾಗ ಸಾಮಾನ್ಯವಾಗಿ 3. ಎಷ್ಟೋ ಸಲ ಎಂಜಿನ್ ಕೆಟ್ಟಿರಲ್ಲ, ನಂಬರ್ ಬದಲಾಗಿರುತ್ತೆ, ನಾವು ಬೇರೆ ಯಾರನ್ನೋ ಕರೀತಾ ಇರ್ತೀವಿ. ಆದ್ದರಿಂದ ಅಲ್ಲಿ ಮೊದಲು 3 ಅಂತ ಕೊಟ್ಟು ಕರೆದು ನೋಡಿ.

ನಾನು ಬ್ಯಾಟರಿ ಮುಟ್ಟಿಸಿದೆ. ಬೆಳಿಗ್ಗೆ ಏಳು ಗಂಟೆ. ಗುಂಯ್. ಚಕ್ರ ತಿರುಗಲಿಲ್ಲ. ಅಂದ್ರೆ ಸಕಲೇಶಪುರದ ಕರೆಂಟು, ಮಾವನ ಹಳಿ, ಇವೆರಡರ ತಪ್ಪೂ ಅಲ್ಲ. ತಪ್ಪು ಎಂಜಿನ್ ಒಳಗೇ ಇದೆ, ಆದರೆ ಬೆಂಗಳೂರಿಗೆ ಹೋದಾಗ ಮಾಯ ಆಗುತ್ತೆ.

ನಾಲ್ಕನೇ ಟಿಕ್: ಎಂಜಿನ್ ಏನು ಹೇಳ್ತಿದೆ?

ಬಿಚ್ಚೋ ಮೊದಲು ಕಿವಿ ಕೊಟ್ಟು ಕೇಳಿ, ಕಣ್ಣಿಟ್ಟು ನೋಡಿ. ಎಂಜಿನ್ ನಿಲ್ಲೋದರಲ್ಲಿ ನಾಲ್ಕು ಥರ ಇದೆ.

ಒಂದು, ಓಡುತ್ತೆ, ನಿಲ್ಲುತ್ತೆ, ಬೆರಳಲ್ಲಿ ಸ್ವಲ್ಪ ತಳ್ಳಿದರೆ ಮತ್ತೆ ಓಡುತ್ತೆ. ಇದು ಬಹುಪಾಲು ಚಕ್ರದ ಕೊಳೆ. ಬಟ್ಟೆಯ ಪಟ್ಟಿಗೆ ಐಪಿಎ ಹಾಕಿ ಹಳಿ ಮೇಲೆ ಅಡ್ಡ ಹಾಸಿ. ಎಂಜಿನ್ನಿನ ಒಂದು ಕಡೆಯ ಚಕ್ರಗಳು ಬಟ್ಟೆ ಮೇಲೆ, ಇನ್ನೊಂದು ಕಡೆಯವು ಬರೀ ಹಳಿ ಮೇಲೆ ಇರಲಿ. ಆಲ್ಕೋಹಾಲ್ ಸ್ವಲ್ಪ ಆರಿದ ಮೇಲೆ ಎಂಜಿನ್ ಕೈಯಲ್ಲಿ ಹಿಡಿದು ನಿಧಾನಕ್ಕೆ ಕರೆಂಟು ಕೊಟ್ಟರೆ ಬಟ್ಟೆ ಮೇಲಿನ ಚಕ್ರ ತಾನೇ ಉಜ್ಜಿಕೊಳ್ಳುತ್ತೆ. ಆಮೇಲೆ ತಿರುಗಿಸಿ ಇನ್ನೊಂದು ಕಡೆ. ಕೆಲವು ಎಂಜಿನ್ನಿನಲ್ಲಿ ಹಿಡಿತಕ್ಕೆ ಅಂತ ಒಂದೆರಡು ಚಕ್ರಕ್ಕೆ ರಬ್ಬರ್ ಬಳೆ ಹಾಕಿರ್ತಾರೆ. ಅದನ್ನ ಕೊಳೆ ಅಂತ ಕಿತ್ತುಬಿಡಬೇಡಿ.

ಎರಡು, ಸದ್ದೇ ಇಲ್ಲ. ಕರೆಂಟು ಮೋಟಾರ್ ತನಕ ಹೋಗ್ತಿಲ್ಲ, ಇಲ್ಲಾ ಮೋಟಾರಿನ ಒಳಗೇ ಕಡಿದಿದೆ. ಪಿಕಪ್ ಪಟ್ಟಿ ಬಗ್ಗಿ ಚಕ್ರದಿಂದ ದೂರ ಸರಿದಿರಬಹುದು, ಬೆಸುಗೆ ಬಿಟ್ಟು ತಂತಿ ಕಳಚಿರಬಹುದು, ಮೋಟಾರಿನ ಕಾರ್ಬನ್ ಬ್ರಷ್ ಸವೆದಿರಬಹುದು. ಮಲ್ಟಿಮೀಟರಿನಲ್ಲಿ ಬೀಪ್ ಅನ್ನೋ ಆಯ್ಕೆ ಇರುತ್ತಲ್ಲ, ಅದರ ಒಂದು ಕಡ್ಡಿ ಚಕ್ರಕ್ಕೆ, ಇನ್ನೊಂದು ಮೋಟಾರಿನ ತುದಿಗೆ. ಬೀಪ್ ಬಂದರೆ ಆ ಕಡೆಯ ದಾರಿ ಸರಿ ಇದೆ. ಬೆಕ್ಕು ಇರೋ ಮನೆ ಆದರೆ ಅಚ್ಚಿಗೆ ಸುತ್ತಿಕೊಂಡ ಕೂದಲನ್ನೂ ನೋಡಿ.

ಮೂರು, ಮೋಟಾರ್ ಭರ್ರ್ ಅಂತ ತಿರುಗುತ್ತೆ, ಚಕ್ರ ತಿರುಗಲ್ಲ. ಶಾಫ್ಟ್ ಕಳಚಿದೆ, ಇಲ್ಲಾ ಪ್ಲಾಸ್ಟಿಕ್ ಗೇರ್ ಸೀಳಿದೆ.

ನಾಲ್ಕು, ಗುಂಯ್ ಅನ್ನುತ್ತೆ, ಏನೂ ತಿರುಗಲ್ಲ. ನಮ್ಮದು ಇದೇ. ಹೀಗಾದರೆ ತಕ್ಷಣ ಆಫ್ ಮಾಡಿ. ಮೋಟಾರ್ ತಿರುಗುವಾಗ ಅದು ತಾನೇ ಒಂದಿಷ್ಟು ಎದುರು ವೋಲ್ಟೇಜ್ ಹುಟ್ಟಿಸಿ, ಒಳಗೆ ಬರೋ ಕರೆಂಟನ್ನ ಹಿಡಿತದಲ್ಲಿ ಇಟ್ಟುಕೊಂಡಿರುತ್ತೆ. ತಿರುಗದೇ ನಿಂತರೆ ಆ ತಡೆ ಇಲ್ಲ. ಕರೆಂಟು ಒಂದೇ ಸಮನೆ ನುಗ್ಗಿ, ಒಳಗಿನ ತಾಮ್ರದ ಸುರುಳಿ ಬಿಸಿಯಾಗಿ, ಮೇಲಿನ ಲೇಪ ಸುಡುತ್ತೆ. ಆಗ ಮೋಟಾರ್ ನಿಜವಾಗಿಯೂ ಹೋಗುತ್ತೆ. ಡೀಕೋಡರ್ ಇಲ್ಲದ ಎಂಜಿನ್ನನ್ನ ಡಿಜಿಟಲ್ ಹಳಿ ಮೇಲೆ ಇಟ್ಟರೂ ಇದೇ ಥರ ಗುಂಯ್ ಅಂದು ಬಿಸಿ ಆಗುತ್ತೆ, ಅದನ್ನೂ ಮಾಡಬಾರದು. ಮಾವ ಎಷ್ಟು ದಿನ ಬೆಳಿಗ್ಗೆ "ಇನ್ನೊಂಚೂರು ಜೋರು ಕೊಟ್ಟರೆ ಹೋಗುತ್ತೇನೋ" ಅಂತ ರೆಗ್ಯುಲೇಟರ್ ತಿರುಗಿಸಿದ್ದರೋ. ನಮ್ಮ ಪುಣ್ಯ, ಮೋಟಾರ್ ಉಳಿದುಕೊಂಡಿತ್ತು.

ಗುಂಯ್ ಅನ್ನೋದರಿಂದ ಒಂದು ಒಳ್ಳೆ ಸುದ್ದಿಯೂ ಸಿಗುತ್ತೆ. ಕರೆಂಟು ಮೋಟಾರ್ ತನಕ ಬಂದಿದೆ. ವಿದ್ಯುತ್ತಿನ ಕಡೆಗೆಲ್ಲ ಟಿಕ್ ಬಿತ್ತು. ಇನ್ನು ಹುಡುಕಬೇಕಾದ್ದು ಏನು ಸಿಕ್ಕಿಹಾಕಿಕೊಂಡಿದೆ ಅಂತ.

ಐದನೇ ಟಿಕ್: ಬಿಚ್ಚಿ ನೋಡಿದಾಗ

ಬಿಚ್ಚೋ ಮೊದಲು ಮೊಬೈಲಲ್ಲಿ ಫೋಟೋ ತೆಗೀರಿ. ಪ್ರತಿ ತಿರುಪು ತೆಗೆದಾಗಲೂ ಒಂದು. ತಿರುಪುಗಳನ್ನ ಕಾಫಿ ತಟ್ಟೆಯಲ್ಲಿ ತೆಗೆದ ಕ್ರಮದಲ್ಲೇ ಜೋಡಿಸಿ.

ಮೇಲಿನ ಪ್ಲಾಸ್ಟಿಕ್ ಹೊದಿಕೆ ತೆಗೆದರೆ ನಡುವೆ ಮೋಟಾರ್, ಅದರ ಎರಡು ಕಡೆ ಹಿತ್ತಾಳೆಯ ಗುಂಡನೆ ಫ್ಲೈವೀಲ್. ಅಲ್ಲಿಂದ ಶಾಫ್ಟ್ ಎರಡು ಕಡೆಯ ಗೇರ್ ಡಬ್ಬಿಗೆ ಹೋಗುತ್ತೆ. ಫ್ಲೈವೀಲನ್ನ ಬೆರಳಲ್ಲಿ ತಿರುಗಿಸಿ ನೋಡಬೇಕು, ಹಗುರಾಗಿ ತಿರುಗಬೇಕು. ಚಕ್ರ ಹಿಡಿದು ತಿರುಗಿಸೋಕೆ ಹೋಗಬೇಡಿ. ಇದರಲ್ಲಿ ವರ್ಮ್ ಗೇರ್ ಇರುತ್ತೆ, ತಿರುಪಿನ ಥರದ್ದು. ಮೋಟಾರ್ ಕಡೆಯಿಂದ ಚಕ್ರ ತಿರುಗುತ್ತೆ, ಚಕ್ರದ ಕಡೆಯಿಂದ ಮೋಟಾರ್ ತಿರುಗಲ್ಲ. ಬಲ ಹಾಕಿದರೆ ಹಲ್ಲು ಮುರಿಯುತ್ತೆ.

ನಮ್ಮ ಫ್ಲೈವೀಲ್ ಅಂಟಿನಲ್ಲಿ ಸಿಕ್ಕಿದ ಹಾಗಿತ್ತು. ಎರಡು ಕಡೆಯ ಶಾಫ್ಟ್ ಬಿಡಿಸಿದೆ. ಈಗ ಮೋಟಾರ್ ಬೆರಳಿಗೆ ಸಲೀಸಾಗಿ ತಿರುಗ್ತು. ಅದರ ಎರಡು ತುದಿಗೆ ಬ್ಯಾಟರಿ ಮುಟ್ಟಿಸಿದರೆ ಭರ್ರ್ ಅಂತ ಓಡ್ತು. ಹೊಸ ಮೋಟಾರಿಗೆ ದುಡ್ಡು ಕಟ್ಟದೇ ಇದ್ದದ್ದು ಒಳ್ಳೇದಾಯ್ತು ಅಂದುಕೊಂಡೆ.

ಗೇರ್ ಡಬ್ಬಿಯ ಮುಚ್ಚಳ ತೆಗೆದೆ. ಹಲ್ಲುಗಳ ನಡುವೆ ಬೆಳ್ಳಗೆ, ಅಲ್ಲಲ್ಲಿ ಬೂದಿ ಬಣ್ಣಕ್ಕೆ, ಮೇಣದಂಥದ್ದು ಗಟ್ಟಿಯಾಗಿ ಕೂತಿತ್ತು. ಉಗುರಲ್ಲಿ ಸ್ವಲ್ಪ ತೆಗೆದು ಎರಡು ಬೆರಳ ಮಧ್ಯೆ ಉಜ್ಜಿದೆ. ಕರಗಿಹೋಯ್ತು. ಮೂಸಿ ನೋಡಿದೆ.

"ಮಾವ, ಇದಕ್ಕೆ ಏನು ಹಾಕಿದ್ರಿ?"

"ಕೊಬ್ಬರಿ ಎಣ್ಣೆ ಕಣೆ. ದಸರಾ ಟೈಮಲ್ಲಿ ಕೀಂಯ್ ಕೀಂಯ್ ಅಂತಿತ್ತು. ಗಾಣದ್ದೇ ಎಣ್ಣೆ, ಒಳ್ಳೇದು. ಹಾಕಿದ ಮೇಲೆ ಎಷ್ಟು ಚೆನ್ನಾಗಿ ಓಡ್ತಿತ್ತು ಗೊತ್ತಾ!"

ಕೊಬ್ಬರಿ ಎಣ್ಣೆ 24 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗಿಂತ ತಣ್ಣಗಾದರೆ ಹೆಪ್ಪುಗಟ್ಟುತ್ತೆ. ಚಳಿಗಾಲದಲ್ಲಿ ತಲೆಗೆ ಹಚ್ಚೋಕೆ ಬಾಟಲಿಯನ್ನ ಬಿಸಿಲಿಗೆ ಇಡ್ತೀವಲ್ಲ, ಅದೇ. ಅಕ್ಟೋಬರ್ ಹಗಲಲ್ಲಿ ಅದು ಎಣ್ಣೆ. ಸಕಲೇಶಪುರದ ಡಿಸೆಂಬರ್ ಬೆಳಗಿನ ಚಳಿಯಲ್ಲಿ ಅದು ಮೇಣ. ಗೇರಿನ ಹಳೇ ಗ್ರೀಸು, ಧೂಳು ಎಲ್ಲ ಸೇರಿ ಹಲ್ಲುಗಳನ್ನ ಹಿಡಿದುಕೊಂಡಿತ್ತು. ಬೆಂಗಳೂರಿನ ಅಂಗಡಿಯಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಕರಗಿತ್ತು, ಓಡ್ತು. ಅಂಗಡಿಯವರು ಹೇಳಿದ್ದೂ ಸುಳ್ಳಲ್ಲ.

ನಾವಿಬ್ಬರೂ ಇದನ್ನ ಮನೆಯಲ್ಲೇ ಮಧ್ಯಾಹ್ನ ಓಡಿಸಿ ನೋಡಿದ್ದರೆ ಮೊದಲ ದಿನವೇ ಸುಳಿವು ಸಿಗ್ತಿತ್ತು. ನೋಡಿರಲೇ ಇಲ್ಲ. ರೈಲು ಬಿಡೋ ಹೊತ್ತು ಬೆಳಿಗ್ಗೆ ಅಂತ ಮಾವ ಮಧ್ಯಾಹ್ನ ಆ ಕೋಣೆಗೆ ಹೋಗ್ತಿರಲಿಲ್ಲ. ರೈಲು ನಿಂತ ಮೇಲೆ ಬೆಳಿಗ್ಗೆ ಹೋಗೋದನ್ನೂ ನಿಧಾನಕ್ಕೆ ಬಿಟ್ಟಿದ್ದರು. ಕಾಫಿಯನ್ನ ಜಗುಲಿಯಲ್ಲಿ ಒಬ್ಬರೇ ಕೂತು ಕುಡೀತಿದ್ದರು.

ಸರಿ ಮಾಡಿದ್ದು ಹೀಗೆ

ಪ್ಲಾಸ್ಟಿಕ್ ಗೇರುಗಳನ್ನ ಬಿಡಿಸಿ, ಉಗುರು ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯೋ ಸೋಪಿನ ಒಂದು ಹನಿ ಹಾಕಿ, ಹಳೇ ಹಲ್ಲುಜ್ಜೋ ಬ್ರಷ್ಷಲ್ಲಿ ತಿಕ್ಕಿದೆವು. ಲೋಹದ ವರ್ಮ್‌ಗೆ ಐಪಿಎ ಹಾಕಿದ ಹತ್ತಿಕಡ್ಡಿ. ಪೆಟ್ರೋಲ್, ಥಿನ್ನರ್, ನೇಲ್ ಪಾಲಿಶ್ ತೆಗೆಯೋ ದ್ರವ, ಯಾವುದೂ ಬೇಡ. ಪ್ಲಾಸ್ಟಿಕ್ಕನ್ನ ತಿಂದುಹಾಕುತ್ತೆ. ಆಮೇಲೆ ಪೂರ್ತಿ ಒಣಗಿಸಿದೆವು. ಒಣಗಿಸೋಕೆ ಮಾವ ಅಡಿಕೆ ಹರಡೋ ಥರ ಪೇಪರ್ ಮೇಲೆ ಒಂದೊಂದೇ ಗೇರನ್ನ ಬಿಸಿಲಲ್ಲಿ ಹರಡಿ, ಕಾಗೆ ಬರದ ಹಾಗೆ ಪಕ್ಕದಲ್ಲೇ ಕೂತರು.

ಮತ್ತೆ ಹಾಕೋ ಎಣ್ಣೆ ಯಾವುದು? ಅಡುಗೆಮನೆಯ ಯಾವ ಎಣ್ಣೆಯೂ ಅಲ್ಲ. ಶೇಂಗಾ ಎಣ್ಣೆ, ಸೂರ್ಯಕಾಂತಿ ಎಣ್ಣೆ ಅಷ್ಟು ಬೇಗ ಹೆಪ್ಪುಗಟ್ಟಲ್ಲ ನಿಜ, ಆದರೆ ದಿನ ಕಳೆದ ಹಾಗೆ ಜಿಗುಟಾಗುತ್ತೆ. ಒಲೆ ಪಕ್ಕದ ಎಣ್ಣೆ ಡಬ್ಬಿಯ ಹೊರಗೆ ಅಂಟಂಟಾಗಿ ಕೂರುತ್ತಲ್ಲ, ಅದೇ ಗೇರಿನೊಳಗೂ ಆಗುತ್ತೆ. ಪ್ಲಾಸ್ಟಿಕ್ಕಿಗೆ ಹಾನಿ ಮಾಡಲ್ಲ ಅಂತ ಬರೆದಿರೋ ತೆಳು ಎಣ್ಣೆ ಮತ್ತು ಗ್ರೀಸು ಮಾಡೆಲ್ ಸಾಮಾನು ಮಾರೋರ ಹತ್ರ ಸಿಗುತ್ತೆ. ಗೇರಿನ ಹಲ್ಲಿಗೆ ಗ್ರೀಸು, ಸಾಸಿವೆ ಕಾಳಿನಷ್ಟು. ಶಾಫ್ಟಿನ ಬೇರಿಂಗಿಗೆ ಎಣ್ಣೆ, ಸೂಜಿ ಮೊನೆಯಲ್ಲಿ ನಿಲ್ಲುವಷ್ಟು. ಜಾಸ್ತಿ ಹಾಕಿದರೆ ಅದು ಹರಿದು ಮೋಟಾರಿನೊಳಗೆ ಬ್ರಷ್ ತಾಗುವ ಜಾಗಕ್ಕೆ, ಚಕ್ರಕ್ಕೆ, ಹಳಿಗೆ ಇಳಿದು ಹೊಸ ತೊಂದರೆ ತರುತ್ತೆ.

ಇನ್ನೊಂದು ಮಾತು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಓಡಿಸಿ ನೋಡಿ, ಆಮೇಲೆ ಮುಂದಿನದು. ಹಳಿ ಒರೆಸಿ, ತಂತಿ ಬದಲಾಯಿಸಿ, ಎಣ್ಣೆ ಹಾಕಿ, ಎಲ್ಲ ಒಟ್ಟಿಗೆ ಮಾಡಿದರೆ ಓಡಬಹುದು, ಆದರೆ ಯಾವುದರಿಂದ ಓಡ್ತು ಅಂತ ಗೊತ್ತಾಗಲ್ಲ. ಮುಂದಿನ ಸಲ ನಿಂತಾಗ ಮತ್ತೆ ಮೊದಲಿಂದ ಶುರು.

ನಾನು ಕೇಳದೇ ಬಿಟ್ಟ ಪ್ರಶ್ನೆ

ಎಲ್ಲ ಆದ ಮೇಲೆ ಯೋಚನೆ ಮಾಡಿದೆ. ಈ ಐದು ಟಿಕ್ಕಿಗಿಂತ ಮುಂಚೆ ಒಂದು ಪ್ರಶ್ನೆ ಇತ್ತು: ಕೊನೇ ಸಲ ಚೆನ್ನಾಗಿ ಓಡ್ತಿದ್ದಾಗಿನಿಂದ ಇಲ್ಲಿವರೆಗೆ ಇದಕ್ಕೆ ಏನೇನು ಮಾಡಿದಿರಿ? ನಾನು ಪವರ್ ಪ್ಯಾಕನ್ನ ಪರೀಕ್ಷೆ ಮಾಡಿದೆ, ಹಳಿಯನ್ನ ಮಾಡಿದೆ, ಬೆಂಗಳೂರಿನ ಅಂಗಡಿಯವರನ್ನ ಕೇಳಿದೆ. ದಿನಾ ಅದನ್ನ ಓಡಿಸೋ ಮನುಷ್ಯನನ್ನ ಕೇಳಲಿಲ್ಲ. ಅವರಿಗೆ ಗೀಸರ್ ಬಗ್ಗೆ ಭಾಷಣ ಮಾಡಿದೆ. ಮಾವನಾದರೂ ಹೇಳಬಹುದಿತ್ತಲ್ಲ ಅಂತೀರಾ? ಅವರ ಲೆಕ್ಕದಲ್ಲಿ ಎಣ್ಣೆ ಹಾಕಿದ್ದು ರಿಪೇರಿ. ಎಣ್ಣೆ ಹಾಕಿದ ಮೇಲೆ ಎರಡು ತಿಂಗಳು ಅದು ಮೊದಲಿಗಿಂತ ಚೆನ್ನಾಗಿ ಓಡಿತ್ತು. ಒಳ್ಳೇದು ಮಾಡಿದ್ದನ್ನ ಯಾರು ತಪ್ಪಿನ ಪಟ್ಟಿಗೆ ಸೇರಿಸ್ತಾರೆ?

ಅದಕ್ಕೇ ಈಗ ಆ ಪ್ಲೈವುಡ್ ಪಕ್ಕ ಒಂದು ನೂರು ಪುಟದ ನೋಟ್‌ಬುಕ್ ಇಟ್ಟಿದ್ದೀನಿ. ತಾರೀಕು, ಏನು ಮಾಡಿದ್ದು, ಆಮೇಲೆ ಹೇಗೆ ಓಡ್ತು, ಮೂರು ಕಲಂ. ಮಾವನ ಅಕ್ಷರ ನನಗಿಂತ ಚೆನ್ನಾಗಿದೆ. ಮೊದಲನೇ ಸಾಲಲ್ಲಿ ಅವರು ಬರೆದಿರೋದು: "ಕೊಬ್ಬರಿ ಎಣ್ಣೆ ನಿಷೇಧ."

ಜೋಡಿಸಿದ ಮಾರನೇ ದಿನ ಬೆಳಿಗ್ಗೆ ಮೈ ನಡುಗೋ ಚಳಿ. ಆರೂವರೆಗೆ ರೆಗ್ಯುಲೇಟರ್ ತಿರುಗಿಸಿದರು. ಎಂಜಿನ್ ಒಂದು ಕ್ಷಣ ನಿಂತಿತ್ತು, ಆಮೇಲೆ ಹೊರಡ್ತು. ನಾನು ಸ್ಯಾಂಡ್‌ಪೇಪರ್ ಉಜ್ಜಿದ ಜಾಗದಲ್ಲಿ ಸ್ವಲ್ಪ ತಡವರಿಸ್ತು, ದಾಟಿಕೊಂಡು ಸುರಂಗದೊಳಗೆ ಹೋಯ್ತು. ಮಾವ ಏನೂ ಮಾತಾಡಲಿಲ್ಲ. ಅಡುಗೆಮನೆಗೆ ಹೋಗಿ ನನಗೂ ಒಂದು ಲೋಟ ಕಾಫಿ ತಂದುಕೊಟ್ಟರು.

ನಿಮ್ಮ ಮನೆಯ ಅಟ್ಟದಲ್ಲಿ ಇಂಥದ್ದೊಂದು ನಿಂತ ಎಂಜಿನ್ ಇದ್ದರೆ ಮೋಟಾರ್ ಹೋಗಿದೆ ಅಂತ ತೀರ್ಮಾನ ಮಾಡೋ ಮೊದಲು ಒಂದು 9 ವೋಲ್ಟ್ ಬ್ಯಾಟರಿ ತಗೊಂಡು ಕೂತು ನೋಡಿ. ಅದಕ್ಕೂ ಮೊದಲು ಅದನ್ನ ಓಡಿಸ್ತಿದ್ದವರನ್ನ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ.